ತಾಯಿಮರದ ಜಾಡಿನಲ್ಲಿ

ರಾತ್ರಿಯೆಲ್ಲ ಸುರಿದ ಮೃಗಶಿರಾ ಮಳೆ ಬೆಳಗಿನ ಜಾವಕ್ಕೆ ಬಿಡುವು ಕೊಟ್ಟಿದೆ. ತುಮಕೂರಿನ ಬಿ.ಎಚ್. ರಸ್ತೆಯ ಒದ್ದೆ ಡಾಂಬರಿನ ಮೇಲೆ ಅಂಗಡಿ ದೀಪಗಳ ಕೆಂಪು ಹಳದಿ ಹರಿದಾಡುತ್ತಿದೆ. ಬೆಂಗಳೂರಿನಲ್ಲಿ ಹೊರಟು ಹೊನ್ನಾವರದ ಕಡಲಂಚು ಮುಟ್ಟುವ ಈ ದಾರಿ ಊರೊಳಗೆ ಕಾಲಿಟ್ಟೊಡನೆ ಪೇಟೆಬೀದಿಯಾಗಿಬಿಡುತ್ತದೆ. ಮಲ್ಲಿಗೆ, ಸೇವಂತಿಗೆಯ ಬುಟ್ಟಿಗಳು, ಹಾಲಿನ ಕ್ಯಾನುಗಳ ಟಣತ್ಕಾರ, ಷಟರ್ ಎತ್ತುವ ಸದ್ದು, ‘ಸಿರಾ ಸಿರಾ ಸಿರಾ’ ಎಂದು ಒಂದೇ ಉಸಿರಿಗೆ ಕೂಗುವ ಕಂಡಕ್ಟರು. ಪಾವಗಡದ ಬಸ್ಸು, ಮಧುಗಿರಿಯ ಬಸ್ಸು, ಕುಣಿಗಲ್ಲಿನ ಬಸ್ಸು ಬಂದು ಬಂದು ಹುಡುಗ ಹುಡುಗಿಯರನ್ನು ಇಳಿಸಿ ಹೋಗುತ್ತಿವೆ. ಹೆಗಲಿಗೆ ಚೀಲ, ಕೈಯಲ್ಲಿ ಬುತ್ತಿ, ಕೆಲವರ ಚಪ್ಪಲಿಗೆ ಇನ್ನೂ ಹೊಲದ ಕೆಮ್ಮಣ್ಣು. ಅವರೆಲ್ಲ ಹೋಗುತ್ತಿರುವುದು ತುಮಕೂರು ವಿಶ್ವವಿದ್ಯಾನಿಲಯದ ಕಡೆಗೆ. ನಾನೂ ಅವರ ಹಿಂದೆ ಹೆಜ್ಜೆ ಹಾಕುತ್ತೇನೆ.

2004ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದಿಂದ ಬೇರೆಯಾಗಿ ಹುಟ್ಟಿದ ವಿಶ್ವವಿದ್ಯಾನಿಲಯ ಇದು. ಪೇಟೆಯ ನಡುವೆಯೇ ಇರುವ ವಿಜ್ಞಾನ ಕಾಲೇಜು, ಕಲಾ ಕಾಲೇಜು ಇದರ ಹಳೆಯ ಬೇರು. ಊರ ಹೊರಗೆ ಬಿದರಕಟ್ಟೆಯಲ್ಲಿ ‘ಜ್ಞಾನಸಿರಿ’ ಎಂಬ ಹೊಸ ಆವರಣ ಎದ್ದಿದೆ. ಇಲ್ಲಿನ ಕನ್ನಡ ಅಧ್ಯಯನ ಕೇಂದ್ರಕ್ಕೆ ಡಿ.ವಿ. ಗುಂಡಪ್ಪನವರ ಹೆಸರು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಮಕ್ಕಳು ಇಲ್ಲಿ ತರಗತಿ ತುಂಬ ಸಿಗುತ್ತಾರೆ. ರಾಗಿ ಹೊಲ, ತೆಂಗಿನ ತೋಟ, ಕುರಿಹಟ್ಟಿಗಳಿಂದ ಬಂದವರು. ಹಾಗಾಗಿ ಇಲ್ಲಿ ಸಂಶೋಧನೆ ಎಂದರೆ ಎಷ್ಟೋ ಸಲ ತಮ್ಮ ಊರನ್ನೇ ಮತ್ತೆ ಕಣ್ಣರಳಿಸಿ ನೋಡುವುದು.

ಗೇಟಿನೆದುರು ಚಹಾದ ಅಂಗಡಿಯಲ್ಲಿ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಮಾತಿಗೆ ಸಿಗುತ್ತಾಳೆ. ಶುಂಠಿ ಚಹಾದ ಹಬೆಯ ಆಚೆ ಅವಳ ಕಣ್ಣುಗಳು ಹೊಳೆಯುತ್ತವೆ. ‘ಹಲಸಿನ ಬೀಜ ಸುಟ್ಕೊಂಡು ತಿಂತೀವಲ್ಲ ಮೇಡಂ, ಅದರ ಮೇಲೂ ನಮ್ಮಲ್ಲಿ ಕೆಲಸ ಆಗಿದೆ’ ಎನ್ನುತ್ತಾಳೆ. ಹೌದು. ರಕ್ತ ಹೆಪ್ಪುಗಟ್ಟುವಾಗ ಫೈಬ್ರಿನ್ ಎಂಬ ನಾರಿನ ಬಲೆ ಹೆಣೆದುಕೊಳ್ಳುತ್ತದೆ. ಆ ಬಲೆಯನ್ನು ಕತ್ತರಿಸುವ ಗುಣ ಹಲಸಿನ ಬೀಜದ ಸಾರಕ್ಕಿದೆ ಎಂದು ಇಲ್ಲಿನ ಜೀವರಸಾಯನ ವಿಭಾಗದ ಸಂಶೋಧಕರು 2015ರಲ್ಲಿ ಪ್ರಕಟಿಸಿದರು. ಅದು ಪ್ರಯೋಗಾಲಯದ ಗಾಜಿನೊಳಗೆ ಕಂಡ ಗುಣ. ಮದ್ದಾಗಿ ಮನುಷ್ಯರ ಮೈಸೇರಲು ದಾರಿ ಬಲು ದೂರ. ಆದರೂ ಯೋಚಿಸಿದಷ್ಟೂ ಬೆರಗಾಗುತ್ತದೆ. ಮಳೆಗಾಲದ ಸಂಜೆ ಒಲೆಯ ಬೂದಿಯಲ್ಲಿ ಹುದುಗಿಸಿಟ್ಟ ಬೀಜ ಪ್ರಯೋಗಾಲಯದ ಮೇಜಿಗೇರಿ, ಅಂತರರಾಷ್ಟ್ರೀಯ ಪತ್ರಿಕೆಯ ಪುಟಕ್ಕೇರಿದೆ. ಅದು ಮತ್ತೆ ಒಲೆಯ ಮುಂದೆ ಕೂತ ಅಜ್ಜಿಯ ಕಿವಿಗೆ ಬಿತ್ತೇ? ಈ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡೇ ನಾನು ಈ ದಾರಿಗೆ ಇಳಿದಿದ್ದೇನೆ. ಊರಿನಿಂದ ಎತ್ತಿಕೊಂಡು ಹೋದ ಅರಿವು ಊರಿಗೆ ಹೇಗೆ ಮರಳುತ್ತದೆ ಎಂದು ನೋಡಬೇಕು. ಬನ್ನಿ, ಹಲಸಿನ ವಾಸನೆ ಹಿಡಿದೇ ಹೋಗೋಣ.

ಬೆಂಗಳೂರಿನ ಕಡೆಗೆ ತುಸು ದೂರ ಸಾಗುವಷ್ಟರಲ್ಲಿ ಕ್ಯಾತ್ಸಂದ್ರ. ಇಲ್ಲಿ ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋಗುವಂತಿಲ್ಲ. ಅಂಗೈಯಗಲದ ಬಿಳಿ ಇಡ್ಲಿ, ಮೇಲೆ ಕರಗುತ್ತಿರುವ ಬೆಣ್ಣೆ, ಪಕ್ಕದಲ್ಲಿ ಹಸಿಮೆಣಸಿನ ಘಾಟಿನ ಚಟ್ನಿ. ಬಡಿಸುವ ಹುಡುಗ ಕೇಳದೆಯೇ ಇನ್ನೊಂದು ಸೌಟು ಸುರಿಯುತ್ತಾನೆ. ಎದುರಿಗೆ ಬೂದುಬಣ್ಣದ ಬಂಡೆಬೆಟ್ಟ, ಅದರ ತಪ್ಪಲಲ್ಲಿ ಸಿದ್ಧಗಂಗಾ ಮಠ. ಸಾವಿರಾರು ಮಕ್ಕಳು ಒಟ್ಟಿಗೆ ಕೂತು ಉಣ್ಣುವ, ಓದುವ ಜಾಗ. 111 ವರ್ಷ ಬಾಳಿ 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ಕಟ್ಟಿ ಬೆಳೆಸಿದ ದಾಸೋಹ ಇದು. ಜಾತಿ ಕೇಳದೆ ಅನ್ನ, ಅನ್ನದ ಜೊತೆ ಅಕ್ಷರ. ಈ ಜಿಲ್ಲೆಯಲ್ಲಿ ವಿದ್ಯೆಯ ಮಾತು ಎತ್ತಿದರೆ ಜನ ಮೊದಲು ಈ ಬೆಟ್ಟದ ಕಡೆಗೆ ಕೈ ತೋರುತ್ತಾರೆ. ವಿಶ್ವವಿದ್ಯಾನಿಲಯ ಹುಟ್ಟುವುದಕ್ಕೆ ಎಷ್ಟೋ ದಶಕ ಮೊದಲೇ ವಿದ್ಯೆಗೂ ಸಮಾಜಕ್ಕೂ ನಡುವಿನ ಬಾಗಿಲನ್ನು ಇಲ್ಲಿ ತೆರೆದಿಟ್ಟಿದ್ದರು. ಈಶಾನ್ಯ ದಿಕ್ಕಿನಲ್ಲಿ ಮೋಡ ಹೊದ್ದ ದೇವರಾಯನದುರ್ಗ ಕಾಣುತ್ತದೆ. ಜಯಮಂಗಲಿ ಹುಟ್ಟುವುದು ಅಲ್ಲಿ. ಶಿಂಷಾ ಹುಟ್ಟುವುದೂ ಅಲ್ಲೇ. ಶಿಂಷೆಯನ್ನು ನೆನಪಿಟ್ಟುಕೊಳ್ಳಿ. ಗುಬ್ಬಿಯ ಸೀಮೆಯಲ್ಲಿ ಒಮ್ಮೆ, ಕುಣಿಗಲ್ಲಿನ ಸೀಮೆಯಲ್ಲಿ ಇನ್ನೊಮ್ಮೆ ಅವಳು ನಮ್ಮ ದಾರಿಗೆ ಬರುತ್ತಾಳೆ.

ಹಿರೇಹಳ್ಳಿ. ಹೆದ್ದಾರಿಯ ಲಾರಿಗಳ ಮೊರೆತ ಬಿಟ್ಟು ಗೇಟಿನೊಳಗೆ ಹೆಜ್ಜೆ ಇಟ್ಟರೆ ಗಾಳಿಯೇ ಬೇರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಸೇರಿದ ಪ್ರಯೋಗ ಕೇಂದ್ರ ಇದು. ಅದರೊಳಗೇ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಸಾಲು ಸಾಲು ಮಾವು, ಹುಣಸೆ, ಹಲಸು. ಒಂದು ಕಡೆ ಕಲ್ಲುಕಂಬಗಳನ್ನು ತಬ್ಬಿ ಹಬ್ಬಿದ ಡ್ರ್ಯಾಗನ್ ಹಣ್ಣಿನ ಗಿಡಗಳು, ಹಸಿರು ಮುಳ್ಳಿನ ತೋಳುಗಳ ತುದಿಯಲ್ಲಿ ಗುಲಾಬಿ ಕೆಂಡ. ಕಮಲಂ ಎಂದು ಕರೆಯುವ ಆ ಹಣ್ಣಿಗಾಗಿಯೇ 2023ರಲ್ಲಿ ಇಲ್ಲೊಂದು ಉತ್ಕೃಷ್ಟತಾ ಕೇಂದ್ರ ಶುರುವಾಗಿದೆ. ಆದರೆ ನನ್ನ ಕಣ್ಣು ಹುಡುಕುವುದು ನೆರಳುಬಲೆಯ ಮನೆಯನ್ನು, ಕಸಿಕಟ್ಟುವ ಹೆಂಗಸರನ್ನು.

ಅವರು ಅಲ್ಲೇ ಇದ್ದಾರೆ. ಗೋಣಿತಾಟಿನ ಮೇಲೆ ಕೂತು, ಮಾತಾಡುತ್ತಾ, ಕಣ್ಣನ್ನು ಮಾತ್ರ ಬೆರಳಿನಿಂದ ಎತ್ತದೆ ಕೆಲಸ ಮಾಡುತ್ತಿದ್ದಾರೆ. ಬೀಜದಿಂದ ಎದ್ದ ಎಳೆಯ ಬೇರುಗಿಡದ ತಲೆ ಚಕ್ಕನೆ ಹಾರುತ್ತದೆ. ನಡುವೆ ಒಂದು ಸೀಳು. ತಾಯಿಮರದಿಂದ ತಂದ ಕಸಿಕಡ್ಡಿಯ ತುದಿಯನ್ನು ಎರಡೂ ಕಡೆ ಹೆರೆದು ಆ ಸೀಳಿನೊಳಗೆ ಕೂರಿಸುವುದು, ತೊಗಟೆಗೆ ತೊಗಟೆ ಕೂಡುವಂತೆ ಒತ್ತುವುದು, ಪ್ಲಾಸ್ಟಿಕ್ ಪಟ್ಟಿ ಸುತ್ತುವುದು, ಮೇಲೊಂದು ತೆಳು ಕೊಳವೆಚೀಲ ತೊಡಿಸುವುದು. ಹಸಿ ತೊಗಟೆಯ ಒಗರು ವಾಸನೆ, ಬಿಳಿ ಸೊನೆ ಅಂಟಿದ ಬೆರಳು. ‘ಕೈ ನಡುಗಬಾರ್ದು ಅಕ್ಕ, ಗಾಳಿ ಆಡಬಾರ್ದು. ಆಡಿದ್ರೆ ಹೋತು’ ಎಂದು ಒಬ್ಬಾಕೆ ಚಾಕು ಒರೆಸುತ್ತಾ ಹೇಳುತ್ತಾಳೆ.

ಇಷ್ಟೆಲ್ಲ ಯಾಕೆ, ಬೀಜ ಊರಿದರೆ ಸಾಲದೇ? ಸಾಲದು. ಹಲಸಿನ ಮರದಲ್ಲಿ ಗಂಡುಹೂವಿನ ಮಿಡಿ ಬೇರೆ, ಹೆಣ್ಣುಹೂವಿನ ಮಿಡಿ ಬೇರೆ. ಪರಾಗ ಯಾವ ಮರದಿಂದಲೋ ಬಂದಿರುತ್ತದೆ. ಜೇನಿನಂಥ ತೊಳೆ ತಿಂದು ಬೀಜ ಊರಿದರೆ ಹತ್ತು ವರ್ಷದ ಮೇಲೆ ಸಪ್ಪೆ ಹಣ್ಣಿನ ಮರ ಎದುರು ನಿಂತೀತು. ಒಂದೊಂದು ಬೀಜದ ಮರಕ್ಕೂ ಅದರದೇ ರುಚಿ, ಅದರದೇ ಬಣ್ಣ. ಈ ನಾಡಿನ ಬೇಲಿಗಳಲ್ಲಿ, ಬದುಗಳಲ್ಲಿ ಅಷ್ಟೊಂದು ಬಗೆಯ ಹಲಸು ಇರುವುದು ಇದೇ ಕಾರಣಕ್ಕೆ. ಒಳ್ಳೆಯದೊಂದು ಸಿಕ್ಕಿದರೆ ಅದನ್ನು ಉಳಿಸಿಕೊಳ್ಳಲು ಕಸಿಯೊಂದೇ ಗತಿ ಎಂಬುದಕ್ಕೂ ಇದೇ ಕಾರಣ. ಹಾಗೆ ಸಿಕ್ಕ ಒಂದು ಮರದ ಕುಡಿಗಳೇ ಈ ಹೆಂಗಸರ ಮಡಿಲಲ್ಲಿರುವುದು. ಆ ಮರ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿದೆ.

ಗುಬ್ಬಿಯ ದಾರಿ ತೆಂಗಿನ ದಾರಿ. ಎಡಕ್ಕೂ ಬಲಕ್ಕೂ ತೆಂಗು, ತೆಂಗಿನ ಕೆಳಗೆ ಅಡಿಕೆ, ಅಡಿಕೆಗೆ ಹಬ್ಬಿದ ವೀಳ್ಯ ಅಥವಾ ಮೆಣಸು, ನೆಲದಲ್ಲಿ ಬಾಳೆ. ಹಸಿರಿನ ಮೇಲೆ ಹಸಿರು. ಮೋಡ ಸರಿದು ಬಿಸಿಲು ಬಿದ್ದಾಗ ಗರಿಗಳ ಮೇಲೆ ಬೆಳ್ಳಿ ಮಿಂಚು ಹರಿಯುತ್ತದೆ. ಅಲ್ಲಲ್ಲಿ ಮನೆಯಂಗಳದಲ್ಲಿ ಕೊಬ್ಬರಿ ಸುಲಿಯುವ ಸದ್ದು. ಮಧ್ಯೆ ರೈಲಿನ ಹಳಿ ಹತ್ತಿರ ಬರುತ್ತದೆ, ದೂರ ಸರಿಯುತ್ತದೆ. ಗುಬ್ಬಿ ಪೇಟೆಯನ್ನು ಆಮೇಲೆ ನೋಡಿದರಾಯಿತು ಎಂದುಕೊಂಡು ಚೇಳೂರಿನ ಕಡೆಗೆ ತಿರುಗುತ್ತೇನೆ.

ಚೇಳೂರು ಬಂತೆಂದು ಫಲಕ ನೋಡುವ ಮೊದಲೇ ಮೂಗು ಹೇಳುತ್ತದೆ. ಹಲಸು! ಮಾರುಕಟ್ಟೆಯ ಬಯಲಿನ ತುಂಬ ಹಲಸಿನ ಗುಡ್ಡೆಗಳು. ಹಸಿರು, ಹಳದಿಗಪ್ಪು, ಕಂದು. ಮಗುವಿನ ತಲೆಯಷ್ಟರಿಂದ ಹಿಡಿದು ಇಬ್ಬರು ಎತ್ತಬೇಕಾದ ಗಾತ್ರದವರೆಗೆ. ಟ್ರ್ಯಾಕ್ಟರಿನಿಂದ ಇಳಿಸುವವರು ಕೈಯಿಂದ ಕೈಗೆ ಎಸೆಯುತ್ತಾ ಎಣಿಸುತ್ತಾರೆ, ಎಣಿಕೆಗೆ ರಾಗವಿದೆ. ಕೊಳ್ಳುವ ಸಾಬರೊಬ್ಬರು ಹಣ್ಣನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಆಲಿಸುತ್ತಾರೆ. ಬಲಿತದ್ದರ ನಾದ ಒಂದು, ಎಳೆಯದರ ನಾದ ಇನ್ನೊಂದು. ಇಲ್ಲಿಂದ ಲಾರಿಗಳು ದೂರದ ಊರುಗಳಿಗೆ ಹೊರಡುತ್ತವೆ. ‘ಒಳ್ಳೇ ಹಣ್ಣು ಯಾವ್ದು ಅಂತ ಕೇಳ್ಬೇಡಿ ಅಕ್ಕ, ಒಂದೊಂದು ಮನೇದೂ ಒಂದೊಂದು ರುಚಿ’ ಎನ್ನುವ ಮುದುಕರೊಬ್ಬರು ಕೈಗೆ ಎಣ್ಣೆ ಸವರಿಕೊಂಡು, ಮುಳ್ಳು ಸೀಳಿ, ಗೂಂಜು ತೆಗೆದು ತೊಳೆ ಬಿಡಿಸುತ್ತಾರೆ. ಮೊದಲು ಹಳದಿ. ಆಮೇಲೆ ಕೇಸರಿ. ಕೊನೆಗೆ ಸಣ್ಣದೊಂದು ಹಣ್ಣನ್ನು ಮಡಿಲಲ್ಲಿಟ್ಟುಕೊಂಡು ಸೀಳುತ್ತಾರೆ.

ಒಳಗೆ ತಾಮ್ರ! ಹುಣಸೆಹುಳಿ ಹಚ್ಚಿ ಆಗಷ್ಟೇ ಬೆಳಗಿದ ಚೊಂಬಿನ ಬಣ್ಣ. ಬಾಯಿಗಿಟ್ಟರೆ ಮೊದಲು ಕರುಂ ಎನ್ನುವ ಗರಿ, ಆಮೇಲೆ ನಿಧಾನಕ್ಕೆ ಏರುವ ಸಿಹಿ. ಇದೇ ‘ಸಿದ್ದು’.

ಸಿದ್ದಪ್ಪ ಎಂಬ ರೈತರು ಈ ಊರಿನ ತಮ್ಮ ತೋಟದಲ್ಲಿ ನೆಟ್ಟ ಮರ ಅದು. ಮಗ ಪರಮೇಶ್ ಅದನ್ನು ಜೋಪಾನ ಮಾಡಿದರು. ಹಣ್ಣು ಸರಾಸರಿ ಎರಡೂವರೆ ಕೆ.ಜಿ.ಯಷ್ಟೇ. ದೊಡ್ಡ ಹಲಸು ಕೊಯ್ದು ಅರ್ಧ ಚೆಲ್ಲುವ ಸಣ್ಣ ಸಂಸಾರಗಳಿಗೆ ಹೇಳಿ ಮಾಡಿಸಿದ ಗಾತ್ರ. ಹಿರೇಹಳ್ಳಿಯ ವಿಜ್ಞಾನಿಗಳು ಮರವನ್ನು ಹುಡುಕಿಕೊಂಡು ಬಂದರು, ಹಣ್ಣನ್ನು ಒಯ್ದು ಅಳೆದರು. ಸಿಹಿ 31 ಬ್ರಿಕ್ಸ್. ಟೊಮ್ಯಾಟೊಗೆ ಕೆಂಪು ಕೊಡುವ ಲೈಕೋಪೀನ್ ಇದರಲ್ಲೂ ಹೇರಳ. ತಾಮ್ರದ ಬಣ್ಣದ ಗುಟ್ಟು ಅದೇ. ಇಷ್ಟಾದ ಮೇಲೆ ಆದದ್ದು ನನಗೆ ಇನ್ನೂ ದೊಡ್ಡ ಸಂಗತಿ. ತಳಿಗೆ ಸಂಸ್ಥೆ ಹೆಸರಿಟ್ಟದ್ದು ಮರ ನೆಟ್ಟ ಸಿದ್ದಪ್ಪನವರ ನೆನಪಿಗೆ. 2017ರಲ್ಲಿ ರೈತರೊಂದಿಗೆ ಒಪ್ಪಂದವಾಯಿತು: ಕಸಿಗಿಡ ಮಾರಿ ಬಂದ ಹಣದಲ್ಲಿ ನೂರಕ್ಕೆ 75 ಪಾಲು ರೈತರಿಗೆ. ರೈತರ ತಳಿಯಾಗಿ ಅದಕ್ಕೆ ಕಾನೂನಿನ ಕಾವಲೂ ದೊರೆಯಿತು. ಆಮೇಲೆ ‘ಶಂಕರ’ ಎಂಬ ಇನ್ನೊಂದು ಕೆಂಪುತೊಳೆಯ ಹಲಸು, ‘ಲಕ್ಷ್ಮಣ’ ಎಂಬ ಹುಣಸೆ ಇದೇ ಜಿಲ್ಲೆಯ ರೈತರ ಹೊಲಗಳಿಂದ ಇದೇ ಬಗೆಯಲ್ಲಿ ಬೆಳಕಿಗೆ ಬಂದವು.

ಹಲಸಿನ ಮರದ ಕೆಳಗೆ ನಿಂತು ತಲೆಯೆತ್ತಿ ನೋಡುವುದೇ ಒಂದು ಸುಖ. ದಪ್ಪ ಎಲೆಗಳ ಕಡುಹಸಿರು ಛಾವಣಿ, ಕಾಂಡಕ್ಕೇ ಜೋತುಬಿದ್ದ ಕಾಯಿಗಳು, ಇರುವೆಗಳ ಸಾಲು, ಮೇಲೆಲ್ಲೋ ಮಂಗಟ್ಟೆಯ ಕೂಗು. ಚೇಳೂರಿನ ಸುತ್ತ ಇಂಥ ಮರ ಇಲ್ಲದ ತೋಟವೇ ಇಲ್ಲ. ಅವುಗಳಲ್ಲಿ ಒಂದು ಮರ ಸಾವಿರಾರು ತೋಟಗಳಿಗೆ ತಾಯಿಯಾಯಿತು. ತಾನು ಕದಲದೆ ಕುಡಿಗಳನ್ನು ಕಳಿಸಿಕೊಟ್ಟಿತು. ‘ಈಗ ನಮ್ಮೂರಲ್ಲಿ ಯಾರಾದ್ರೂ ಹಳೇ ಹಲಸು ಕಡಿಯಕ್ಕೆ ಹೊರಟ್ರೆ ಒಂದು ಸಲ ತಡೀತಾರೆ, ಇದರೊಳಗೆ ಏನಿದೆಯೋ ಅಂತ’ ಎಂದು ಆ ಮುದುಕರು ಹೇಳಿದ ಮಾತು ಹಿಂದಿರುಗುವ ದಾರಿಯುದ್ದಕ್ಕೂ ನನ್ನ ಜೊತೆ ಬಂತು. ಒಂದು ಸಂಶೋಧನೆ ಕೊಡಲಿಯನ್ನು ತಡೆದಿದೆ. ಪ್ರಬಂಧಗಳ ಸಂಖ್ಯೆಯಲ್ಲಿ, ಶ್ರೇಯಾಂಕದ ಪಟ್ಟಿಯಲ್ಲಿ ಇದು ಎಲ್ಲೂ ಸೇರುವುದಿಲ್ಲ. ಸೇರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಗುಬ್ಬಿ ಪೇಟೆ ಮಧ್ಯಾಹ್ನದ ಬಿಸಿಲಿಗೆ ಮೈಯೊಡ್ಡಿದೆ. ಊರ ದೇವರು ಚನ್ನಬಸವೇಶ್ವರ. ಆ ದೇವರ ಹೆಸರಿನಲ್ಲೇ 1884ರಲ್ಲಿ ಇಲ್ಲೊಂದು ನಾಟಕ ಕಂಪನಿ ಹುಟ್ಟಿತು. ಅದನ್ನು ಮುಂದೆ ನಾಡಿನಗಲ ಮೆರೆಸಿದವರು ಗುಬ್ಬಿ ವೀರಣ್ಣ. ಕುರುಕ್ಷೇತ್ರ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆಗಳು ಬರುತ್ತಿದ್ದವು! ರಾಜಕುಮಾರ್, ಜಿ.ವಿ. ಅಯ್ಯರ್, ಬಿ.ವಿ. ಕಾರಂತರು ಈ ಕಂಪನಿಯ ಅನ್ನ ಉಂಡು ಬಣ್ಣ ಹಚ್ಚಿದವರು. ವಿಶ್ವವಿದ್ಯಾನಿಲಯದ ಪದವಿಯಿಲ್ಲದೆ, ಬೆಳಕು, ಸದ್ದು, ಪರದೆ, ಜನರ ಮನಸ್ಸು ಎಲ್ಲವನ್ನೂ ಊರೂರು ಅಲೆದು ಕಲಿತ ದೊಡ್ಡ ಶಾಲೆ ಅದು. ಈಚೆಗೆ ಇದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ತಲೆಯೆತ್ತಿದೆ. 615 ಎಕರೆ ಜಾಗದಲ್ಲಿ ಎಚ್‌ಎಎಲ್ ಕಟ್ಟಿದ್ದು, 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ದನ ಮೇಯುತ್ತಿದ್ದ ಕಾವಲಿನ ಮೇಲೆ ಈಗ ಯಂತ್ರದ ಹಕ್ಕಿಯ ರೆಕ್ಕೆಸದ್ದು.

ಗುಬ್ಬಿಯಿಂದ ಕಡಬದ ಕಡೆಗೆ ಇಳಿಯುತ್ತಿದ್ದಂತೆ ಶಿಂಷೆ ಎದುರಾಗುತ್ತಾಳೆ. ಬೆಳಿಗ್ಗೆ ದೇವರಾಯನದುರ್ಗದ ಮೋಡದೊಳಗೆ ಬಿಟ್ಟು ಬಂದ ಹೊಳೆ ಇಲ್ಲಿ ಕೆರೆಯಾಗಿ ಹರಡಿ ಮಲಗಿದೆ. ಶ್ರೀರಾಮನೇ ಕಟ್ಟಿಸಿದ ಕೆರೆ ಎಂದು ಇಲ್ಲಿನವರ ನಂಬಿಕೆ. ಏರಿಯ ಮೇಲೆ ಗಾಳಿ ಬೀಸುತ್ತಿದೆ. ಕೆಳಗೆ ಗದ್ದೆಬಯಲಿನ ಎಳೆಹಸಿರು, ಆಚೆ ನೀರಿನ ಬೂದುನೀಲಿ, ಅಂಚಿನಲ್ಲಿ ಬಿಳಿ ಕೊಕ್ಕರೆಗಳ ಸಾಲು. ಬಲೆ ಬಿಚ್ಚುತ್ತಿದ್ದ ಒಬ್ಬಾತನೊಡನೆ ಮಾತಿಗೆ ಕೂತೆ.

ಈ ಊರಿನಿಂದ ಹೊರಟ ತಾಮ್ರಶಾಸನವೊಂದರ ಕತೆ ಇತಿಹಾಸಕಾರರಿಗೆಲ್ಲ ಗೊತ್ತು. ರಾಷ್ಟ್ರಕೂಟರ ಮೂರನೆಯ ಗೋವಿಂದನದು. ಶಕ 735, ಎಂದರೆ ಕ್ರಿ.ಶ. 813ರ ಸುಮಾರಿನ ಕಾಲ ಹೊತ್ತದ್ದು. ಮಯೂರಖಂಡಿಯಲ್ಲಿದ್ದ ದೊರೆ, ಚಾಕಿರಾಜ ಎಂಬವನ ಬಿನ್ನಹದ ಮೇಲೆ, ಅರ್ಕಕೀರ್ತಿ ಎಂಬ ಜೈನ ಮುನಿಗೆ ಜಾಲಮಂಗಲ ಎಂಬ ಗ್ರಾಮವನ್ನು ದಾನ ಕೊಟ್ಟ. ಯಾಕೆ? ಚಾಕಿರಾಜನ ಸೋದರಳಿಯ ವಿಮಲಾದಿತ್ಯನಿಗೆ ಶನಿಕಾಟವಿತ್ತು, ಅದನ್ನು ಆ ಮುನಿ ಬಿಡಿಸಿದರು. ಆ ವಿಮಲಾದಿತ್ಯ ಆಳುತ್ತಿದ್ದದ್ದು ಕುಣುಂಗಿಲ್ ದೇಶವನ್ನು. ನಮ್ಮ ಮುಂದಿನ ನಿಲ್ದಾಣ ಕುಣಿಗಲ್ಲೇ ಅದು! ಸಾವಿರದಿನ್ನೂರು ವರ್ಷದ ಹಿಂದಿನ ಒಬ್ಬ ಸೋದರಮಾವನ ಸಂಕಟ ತಾಮ್ರದ ಹಲಗೆಯ ಮೇಲೆ ಕೂತು ಇಲ್ಲಿವರೆಗೆ ಬಂದಿದೆ. ಲ್ಯೂಡರ್ಸ್ ಎಂಬ ಜರ್ಮನ್ ಪಂಡಿತರು ಇದನ್ನು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಬಿಡಿಸಿ ಓದಿದರು, ಇದರ ಸಾಚಾತನದ ಬಗೆಗೆ ಸಂದೇಹವನ್ನೂ ಎತ್ತಿದರು. ತುಮಕೂರು ಜಿಲ್ಲೆಯ ಶಾಸನಗಳನ್ನೆಲ್ಲ ಬಿ.ಎಲ್. ರೈಸ್ 1904ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೆಯ ಸಂಪುಟವಾಗಿ ತಂದರು.

ಬಲೆಯವನು ಬೆರಳಾಡಿಸುವುದನ್ನು ನಿಲ್ಲಿಸಿ ಕೇಳುತ್ತಾನೆ. ‘ನಮ್ಮೂರ ಹೆಸರು ಅಷ್ಟು ಹಳೇ ಪುಸ್ತಕದಾಗೈತಾ?’ ಐತಣ್ಣ, ಎನ್ನುತ್ತೇನೆ. ‘ಸ್ಕೂಲಲ್ಲಿ ಯಾರೂ ಹೇಳ್ಲಿಲ್ವಲ್ಲ’ ಎಂದು ಅವನು ನೀರಿನ ಕಡೆ ನೋಡುತ್ತಾನೆ. ಹಲಸಿನ ತಾಮ್ರ ಚೇಳೂರಿಗೆ ಮರಳಿತು; ಶಾಸನದ ತಾಮ್ರ ಕಡಬಕ್ಕೆ ಇನ್ನೂ ಮರಳಬೇಕು. ಅದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಇತಿಹಾಸ ವಿಭಾಗದ ನಾಲ್ಕು ಹುಡುಗರು ಏರಿಯ ಮೇಲೆ ಒಂದು ಕಲ್ಲು ನೆಟ್ಟು, ಸರಳ ಕನ್ನಡದಲ್ಲಿ ಈ ಕತೆಯನ್ನು ಬರೆಸಿ, ಶಾಲೆಯ ಮಕ್ಕಳನ್ನು ಕರೆತಂದು ಓದಿಸಿದರೆ ಸಾಕು.

ಒಳದಾರಿಗಳಲ್ಲಿ ಹಾಯ್ದು ಕುಣಿಗಲ್ಲಿಗೆ. ನೆಲದ ಏರಿಳಿತ ಹೆಚ್ಚುತ್ತದೆ, ದೂರದಲ್ಲಿ ಹುಲಿಯೂರುದುರ್ಗ, ಹುತ್ರಿದುರ್ಗಗಳ ದಿಕ್ಕಿನ ಬಂಡೆಬೆನ್ನುಗಳು ಮೋಡದೊಳಗೆ ಕಂಡು ಮರೆಯಾಗುತ್ತವೆ. ಶಿಂಷೆ ಇತ್ತ ಮಾರ್ಕೋನಹಳ್ಳಿಯಲ್ಲಿ ಅಣೆಕಟ್ಟಿಗೆ ಸಿಕ್ಕು ನಿಲ್ಲುತ್ತಾಳೆ. ನೀರು ಮಟ್ಟ ಮೀರಿದರೆ ಬಾಗಿಲೆತ್ತುವವರ ಹಂಗಿಲ್ಲದೆ ತಾನೇ ಹೊರಗೆ ಧುಮುಕುವ ಸೈಫನ್ ಅಲ್ಲಿದೆ. ಮೈಸೂರು ಅರಸರ ಕಾಲದ ಎಂಜಿನಿಯರುಗಳ ಜಾಣ್ಮೆ. ಕುಣಿಗಲ್ಲಿನ ಕೆರೆಯಂತೂ ಕನ್ನಡಿಗರು ನೋಡುವ ಮೊದಲೇ ಕೇಳಿರುವ ಕೆರೆ. ಜನಪದ ಹಾಡಿನಲ್ಲಿ ಮಿಂದು ಬೆಳೆದವರು ಅದರ ಏರಿಯ ಮೇಲೆ ನಿಂತಾಗ ಎದೆ ತುಂಬಿ ಬರುತ್ತದೆ. ನೀರಿನ ಮೇಲೆ ಸಂಜೆಯ ಅರಿಶಿನ ಚೆಲ್ಲಿದೆ, ಅಲೆ ಮೆಟ್ಟಿಲಿಗೆ ಬಡಿದು ಮರಳುತ್ತಿದೆ. ಪೇಟೆಯ ಅಂಚಿಗೆ ಕುದುರೆ ಫಾರಂ. ಟಿಪ್ಪುವಿನ ಕಾಲದಿಂದ ಹೆಸರಾದದ್ದು. ಬೇಲಿಯಾಚೆ ಹುಲ್ಲಿನ ಮೇಲೆ ತಾಯಿಕುದುರೆಯ ಪಕ್ಕ ಕಾಲು ಉದ್ದುದ್ದದ ಮರಿಯೊಂದು ಓಡುತ್ತದೆ, ನಿಲ್ಲುತ್ತದೆ, ಕಿವಿ ನಿಮಿರಿಸುತ್ತದೆ. ತಳಿಯ ಶುದ್ಧಿಯನ್ನು ತಲೆಮಾರುಗಟ್ಟಲೆ ಕಾಯುವುದು ಈ ಊರಿಗೆ ಹೊಸತಲ್ಲ.

ಹೊಸತಲ್ಲ ಎಂದದ್ದಕ್ಕೆ ಇನ್ನೂ ಗಟ್ಟಿ ಸಾಕ್ಷಿ ಹುಳುಮನೆಗಳಲ್ಲಿದೆ. ರೇಷ್ಮೆ ಬೆಳೆಯುವ ಹಳ್ಳಿಯೊಂದರಲ್ಲಿ ಬಾಗಿಲಿಗೆ ಬಂದ ಹೆಂಗಸು ‘ಕಾಲು ತೊಳ್ಕೊಂಡು ಬನ್ನಿ ಅಕ್ಕ, ಹುಳ ಜ್ವರಕ್ಕೆ ಕೂತೈತೆ’ ಎನ್ನುತ್ತಾಳೆ. ಪೊರೆ ಕಳಚುವ ಮುನ್ನ ಹುಳು ತಲೆಯೆತ್ತಿ, ತಿನ್ನುವುದು ಬಿಟ್ಟು, ಅಲುಗಾಡದೆ ಕೂರುತ್ತದೆ. ಅದನ್ನೇ ಇಲ್ಲಿ ಜ್ವರ ಎನ್ನುತ್ತಾರೆ. ಅಂಥ ನಾಲ್ಕು ಜ್ವರ ದಾಟಿದ ಮೇಲೆ ಹುಳು ಹಣ್ಣಾಗುತ್ತದೆ, ಗೂಡು ಕಟ್ಟಲು ಚಂದ್ರಿಕೆಗೆ ಏರುತ್ತದೆ. ಒಳಗೆ ಮಬ್ಬುಬೆಳಕು. ಸುಣ್ಣದ ಪುಡಿಯ ವಾಸನೆ, ಹಿಪ್ಪುನೇರಳೆ ಸೊಪ್ಪಿನ ಹಸಿಗಂಪು. ಒಂದು ತಟ್ಟೆಯಲ್ಲಿ ಜ್ವರ ಬಿಟ್ಟೆದ್ದ ಹುಳುಗಳು ಸೊಪ್ಪಿಗೆ ಬಾಯಿ ಹಾಕಿ ಚರಚರ ಎಂದು ಮೇಯುತ್ತಿವೆ. ಗೋಡೆಗೊರಗಿಸಿದ ಬಿದಿರು ಚಂದ್ರಿಕೆಯ ಸುರುಳಿಗಳಲ್ಲಿ ಹಿಂದಿನ ತಂಡದ ಗೂಡುಗಳು. ಹಸಿರು ಬೆರೆತ ಹಳದಿ, ಎರಡೂ ತುದಿ ಚೂಪು. ಇದು ಮೈಸೂರು ತಳಿ.

ಈ ತಳಿಯ ಎಳೆ ಗಿಡ್ಡ, ಸುಮಾರು 400 ಮೀಟರ್. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಸಿಎಸ್‌ಆರ್-2ರಂಥ ದ್ವಿತಳಿಯ ಬಿಳಿ ಗೂಡಿನ ಎಳೆಯಾದರೆ 1000 ಮೀಟರ್ ಮೀರುತ್ತದೆ. ಹಾಗಿದ್ದೂ ನಾಟಿ ಹುಳುವನ್ನು ಯಾಕೆ ಕಾಪಾಡಬೇಕು? ಅದು ನಮ್ಮ ಬಿಸಿಲಿಗೆ, ನಮ್ಮ ರೋಗಗಳಿಗೆ ಒಗ್ಗಿ ಗಟ್ಟಿಯಾದ ಹುಳು. ಮೈಸೂರು ತಳಿಯ ಹೆಣ್ಣು ಚಿಟ್ಟೆಗೆ ಸಿಎಸ್‌ಆರ್-2ರ ಗಂಡನ್ನು ಕೂಡಿಸಿದರೆ ಹುಟ್ಟುವ ಮಿಶ್ರತಳಿಗೆ ತಾಯಿಯ ತಾಳಿಕೆ, ತಂದೆಯ ಎಳೆ ಎರಡೂ ಬರುತ್ತವೆ. ರಾಜ್ಯದ ಸಾವಿರಾರು ರೇಷ್ಮೆ ಮನೆಗಳು ನಿಂತಿರುವುದು ಆ ಮಿಶ್ರತಳಿಯ ಮೇಲೆ. ಅದರ ತಾಯಿಯನ್ನು ಬೆರಕೆಯಾಗದಂತೆ ಸಾಕಿಕೊಡುವವರು ಕುಣಿಗಲ್, ಹುಲಿಯೂರುದುರ್ಗ, ಮಾಗಡಿ ಸೀಮೆಯ ಬಿತ್ತನೆ ಪ್ರದೇಶದ ರೈತರು. ಇಲ್ಲಿ ಬೇರೆ ತಳಿಯ ಹುಳು ಸಾಕುವಂತಿಲ್ಲ. 1959ರ ಕಾಯಿದೆಯ ಕಟ್ಟುಪಾಡಿದೆ. ಆದರೆ ಕಾಯಿದೆಗಿಂತ ಈ ಹೆಂಗಸಿನ ಎಚ್ಚರ ದೊಡ್ಡದು. ‘ನಮ್ಮತ್ತೆ ಕಾಲದಿಂದ ಇದೇ ಹುಳ. ನಮ್ಮ ಗೂಡು ಬಟ್ಟೆಗೆ ಹೋಗಲ್ಲ, ಬಿತ್ತನೆಗೆ ಹೋಯ್ತದೆ’ ಎನ್ನುವಾಗ ಅವಳ ದನಿಯಲ್ಲಿ ಹೆಮ್ಮೆ ಮಿಂಚಿತು. ಚೇಳೂರಿನ ಮರದ ಹಾಗೆ ಇವಳ ತಟ್ಟೆಯೂ ಒಂದು ತಾಯಿಮರ. ಪ್ರಯೋಗಾಲಯದ ದೊಡ್ಡ ಲೆಕ್ಕಾಚಾರದ ಅರ್ಧಭಾಗ ಈ ಮಬ್ಬುಬೆಳಕಿನ ಕೋಣೆಯಲ್ಲಿದೆ.

ಮರುದಿನ ಹೆಬ್ಬೂರಿನ ದಾರಿ ಹಿಡಿದು ತುಮಕೂರಿಗೆ ಮರಳುವಾಗ ಒಂದು ಹಳ್ಳಿಯ ಶಾಲೆಯ ಜಗುಲಿಯಲ್ಲಿ ಗುಂಪು ಕಂಡು ನಿಲ್ಲುತ್ತೇನೆ. ಎನ್‌ಎಸ್‌ಎಸ್ ಶಿಬಿರಕ್ಕೆ ಬಂದ ಕಾಲೇಜು ಹುಡುಗ ಹುಡುಗಿಯರು. ಬೆಂಚಿನ ಮೇಲೆ ಪುಟ್ಟ ಗಾಜಿನ ಬಾಟಲಿಗಳು, ಒಂದೊಂದಕ್ಕೂ ಚೀಟಿ: ದೇವಸ್ಥಾನದ ಬೋರು, ಹರಿಜನ ಕಾಲೋನಿಯ ನಲ್ಲಿ, ಶಾಲೆಯ ಕೈಪಂಪು. ಹುಡುಗಿಯೊಬ್ಬಳು ಪರೀಕ್ಷಾ ಕಿಟ್ಟಿನ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾಳೆ. ನೀರು ನಸುಗೆಂಪಾಗುತ್ತದೆ. ಇನ್ನೊಂದು ಬಾಟಲಿಯಲ್ಲಿ ಕೆಂಪು ಮಾಸಿ ಹಳದಿಯ ಕಡೆಗೆ ಹೊರಳುತ್ತದೆ. ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು.

ಈ ಜಿಲ್ಲೆಗೆ ಫ್ಲೋರೈಡ್ ಹಳೆಯ ಕಷ್ಟ. ಕೊಳವೆಬಾವಿ ಆಳಕ್ಕೆ ಇಳಿದಂತೆಲ್ಲ ಕಗ್ಗಲ್ಲಿನ ಒಡಲಲ್ಲಿ ನಿಂತ ನೀರು ಮೇಲೆ ಬರುತ್ತದೆ. ಕಲ್ಲಿನ ಫ್ಲೋರೈಡ್ ಅದರೊಡನೆ ಮಕ್ಕಳ ಹಲ್ಲಿಗೆ, ಮುದುಕರ ಮೂಳೆಗೆ ಸೇರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ಗತಿಯಿಲ್ಲದಿದ್ದರೆ 1.5ರವರೆಗೆ ನಡೆದೀತು. ತುಮಕೂರು ತಾಲ್ಲೂಕಿನ ಅಂತರ್ಜಲದ ಮೇಲೆ 2009ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಪ್ರಪಂಚದ ಹಲವು ದೇಶಗಳ ಜಲತಜ್ಞರು ಇಂದಿಗೂ ಉಲ್ಲೇಖಿಸುತ್ತಾರೆ. ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಸೇರಿ 12 ಅಂಶಗಳನ್ನು ಅಳೆದು ಅದು ಕೊಟ್ಟ ನೀರಿನ ಗುಣಸೂಚ್ಯಂಕ 89ರಿಂದ 660ರವರೆಗೆ ಚಾಚಿತ್ತು. 100 ದಾಟಿದರೆ ಕಳಪೆ. ನಮ್ಮ ಬಾವಿಗಳ ಹೆಸರು ಕಡಲಾಚೆಗೆ ಹೋಗಿದೆ. ಈ ಜಗುಲಿಯ ಮೇಲೆ ನಡೆಯುತ್ತಿರುವುದು ಅದರ ಮರುಪಯಣ.

ಹುಡುಗಿ ಎದ್ದು ನಿಂತು, ಗೋಡೆಯ ಕರಿಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುತ್ತಾಳೆ. ಇದು ಕುಡಿಯಲು. ಇದು ಪಾತ್ರೆ ತೊಳೆಯಲು. ಓದುಬಾರದವರಿಗಾಗಿ ಪಕ್ಕದಲ್ಲಿ ಒಂದು ಲೋಟ, ಒಂದು ಬಕೆಟ್ಟಿನ ಚಿತ್ರ. ಗುಂಪಿನ ಹಿಂದಿನಿಂದ ಬಾಯ್ತುಂಬ ಎಲೆಅಡಿಕೆ ತುಂಬಿಕೊಂಡ ಅಜ್ಜಿಯೊಬ್ಬಳು ಮುಂದೆ ಬಂದು ಬಾಟಲಿಗಳನ್ನೆಲ್ಲ ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾಳೆ.

‘ಅದಿರ್ಲಿ ಕಣ್ ಮಗಾ, ನಮ್ ತೋಟದ ಬೋರ್‌ದು ಯಾವಾಗ ನೋಡ್ತೀಯ? ನನ್ ಮೊಮ್ಮಕ್ಕಳು ಕುಡಿಯೋದು ಅದನ್ನೇ.’

‘ಎಲ್ಲೈತೆ ಅಜ್ಜಿ ತೋಟ?’

‘ಕೆರೆ ಹಿಂದಕೆ. ನಡಿ, ತೋರಿಸ್ತೀನಿ.’

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಕಿಟ್ಟಿನ ಡಬ್ಬ ಎತ್ತಿಕೊಂಡು ಹುಡುಗಿ, ಖಾಲಿ ಬಾಟಲಿಗಳನ್ನು ಗಲಗಲ ಎನ್ನಿಸುತ್ತಾ ಇಬ್ಬರು ಹುಡುಗರು, ಅವರ ಹಿಂದೆ ಅರ್ಧ ಊರಿನ ಮಕ್ಕಳು. ನಾನೂ ಚೀಲ ಹೆಗಲಿಗೇರಿಸಿಕೊಂಡು ಕೆರೆ ಏರಿಯ ಕಡೆಗೆ ಅವರ ಹಿಂದೆ ಬಿರಬಿರನೆ ನಡೆಯುತ್ತೇನೆ.